ವರ್ಗ ಸಮೀಕರಣದ ಉತ್ತರ ತಪ್ಪಿತೇ? ದೋಷ ಹುಡುಕುವ ಕೈಪಿಡಿ

ವರ್ಗ ಸಮೀಕರಣದ ಸೂತ್ರ ಹತ್ತನೇ ತರಗತಿ ಮುಗಿಸಿದ ಎಲ್ಲರಿಗೂ ಬಾಯಿಪಾಠ. ಆದರೂ ಉತ್ತರ ತಪ್ಪುತ್ತದೆ. ಕಲಬುರಗಿಯಲ್ಲಿ ಸಂಜೆ ಹೊತ್ತು ಟ್ಯೂಷನ್ ಹೇಳುವ ನನ್ನ ಮುಂದೆ ದಿನಾ ಬರುವ ದೂರು ಇದೇ: "ಸರ್, ಸೂತ್ರಕ್ಕ ಬರೋಬ್ಬರಿ ಹಾಕೀನ್ರಿ. ಆದ್ರ ಉತ್ತರ ಬರವಲ್ದು." ನೋಟ್‌ಬುಕ್ ತಿರುವಿದರೆ ಹುಡುಗ ಹೇಳಿದ್ದು ನಿಜವೇ. ಸೂತ್ರಕ್ಕೆ ಸರಿಯಾಗೇ ಹಾಕಿರುತ್ತಾನೆ. ಎಡವಟ್ಟು ಆಗಿರುವುದು ಅದಕ್ಕೂ ಎರಡು ಸಾಲು ಮೇಲೆ, ಪದಗಳನ್ನು ಆ ಕಡೆಯಿಂದ ಈ ಕಡೆಗೆ ತರುವಾಗ.

ಹಾಗಾಗಿ ತಪ್ಪು ಉತ್ತರ ಬಂದ ಕೂಡಲೇ ರಬ್ಬರ್ ತೆಗೆಯಬೇಡಿ. ಉತ್ತರ ಹೇಗೆ ತಪ್ಪಿದೆ ಅಂತ ನೋಡಿ. ಚಿಹ್ನೆ ಉಲ್ಟಾ ಆಗಿದ್ದರೆ ಕಾರಣ ಒಂದು, ಪಟ್ಟು ಹೆಚ್ಚಾಗಿದ್ದರೆ ಇನ್ನೊಂದು, ವರ್ಗಮೂಲದ ಒಳಗೆ ಮೈನಸ್ ಬಂದಿದ್ದರೆ ಬೇರೆಯೇ. ಇಡೀ ಲೆಕ್ಕ ಮತ್ತೆ ಮಾಡುವುದಕ್ಕಿಂತ, ಬಂದ ಉತ್ತರದಿಂದಲೇ ತಪ್ಪಿನ ಜಾಗ ಹಿಡಿಯುವುದು ಬೇಗ ಆಗುತ್ತದೆ.

ಪಠ್ಯಪುಸ್ತಕದ ಎಕ್ಸ್ ಬದಲು ಇಲ್ಲಿ ಕ್ಷ ಎಂದು ಬರೆದಿದ್ದೇನೆ. ಆದರ್ಶ ರೂಪ ಹೀಗೆ:

ಎ·ಕ್ಷ² + ಬಿ·ಕ್ಷ + ಸಿ = 0

ಸೂತ್ರ:

ಕ್ಷ = [−ಬಿ ± √(ಬಿ² − 4·ಎ·ಸಿ)] ÷ 2ಎ

ಮೊದಲು ತಾಳೆ ನೋಡಿ

ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಯಾವ ಸಮೀಕರಣಕ್ಕೆ? ಪ್ರಶ್ನೆಯಲ್ಲಿ ಕೊಟ್ಟ ಮೂಲ ಸಮೀಕರಣಕ್ಕೆ. ನೀವೇ ತಿರುಗಿಸಿ ಬರೆದುಕೊಂಡ ಸಾಲಿಗೆ ಹಾಕಿದರೆ ಉಪಯೋಗ ಇಲ್ಲ. ತಿರುಗಿಸುವಾಗಲೇ ತಪ್ಪಾಗಿದ್ದರೆ ತಪ್ಪು ಉತ್ತರ ಆ ತಪ್ಪು ಸಾಲಿಗೆ ಸರಿಯಾಗೇ ಕೂರುತ್ತದೆ.

ಇದಕ್ಕಿಂತ ಬೇಗ ಆಗುವ ತಾಳೆಯೂ ಒಂದಿದೆ. ಎರಡು ಮೂಲಗಳ, ಅಂದರೆ ಬಂದ ಎರಡು ಉತ್ತರಗಳ, ಮೊತ್ತ −ಬಿ ÷ ಎ ಆಗಬೇಕು. ಗುಣಲಬ್ಧ ಸಿ ÷ ಎ ಆಗಬೇಕು. ಇದನ್ನು ಬಾಯಲ್ಲೇ ಮಾಡಬಹುದು. ಎರಡೂ ಕೂಡಿಬಂದರೆ ಸೂತ್ರದ ಭಾಗ ಚೊಕ್ಕವಾಗಿದೆ ಎಂದರ್ಥ, ತಪ್ಪು ಅದಕ್ಕಿಂತ ಮೇಲೆ ಇದೆ. ಕೂಡಿಬರದಿದ್ದರೆ ಮೇಲೆ ಹುಡುಕಬೇಡಿ, ತಪ್ಪು ಸೂತ್ರದ ಸಾಲಿನಲ್ಲೇ ಇದೆ. ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು, ಅಲ್ವಾ?

ಲಕ್ಷಣ: ಅಂಕಿ ಸರಿ, ಚಿಹ್ನೆ ಉಲ್ಟಾ

ಕ್ಷ² − ಕ್ಷ − 6 = 0. ಸರಿ ಉತ್ತರ 3 ಮತ್ತು −2. ನಿಮಗೆ −3 ಮತ್ತು 2 ಬಂತು. ಇದು −ಬಿ ಬರೆಯುವ ಕಡೆ ಸುಮ್ನೆ ಬಿ ಬರೆದ ತಪ್ಪು. ಇಲ್ಲಿ ಬಿ ಅಂದರೆ −1, ಹಾಗಾಗಿ −ಬಿ ಅಂದರೆ +1. ಮೈನಸ್ ಇದ್ದ ಕಡೆ ಇನ್ನೊಂದು ಮೈನಸ್ ಬರೆಯಲು ಕೈ ಬರುವುದಿಲ್ಲ. ಅಪವರ್ತಿಸುವ ವಿಧಾನದಲ್ಲೂ ಇದೇ ಆಗುತ್ತದೆ: (ಕ್ಷ − 3)(ಕ್ಷ + 2) = 0 ವರೆಗೆ ಸರಿಯಾಗಿ ಬಂದು, ಆವರಣದಲ್ಲಿ ಕಂಡ −3 ಮತ್ತು +2 ಅನ್ನೇ ಉತ್ತರ ಅಂತ ಬರೆದುಬಿಡುತ್ತಾರೆ. ಸೂತ್ರಕ್ಕೆ ಹಾಕುವ ಮೊದಲು ಎ = 1, ಬಿ = −1, ಸಿ = −6 ಅಂತ ಚಿಹ್ನೆ ಸಮೇತ ಒಂದು ಸಾಲು ಬರೆಯಿರಿ. ಅಷ್ಟೇ.

ಲಕ್ಷಣ: ವರ್ಗಮೂಲದ ಒಳಗೆ ಮೈನಸ್ ಬಂತು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಮಕ್ಕಳು "ವಾಸ್ತವ ಮೂಲಗಳಿಲ್ಲ" ಅಂತ ಬರೆದು ಮುಂದೆ ಹೋಗುವುದು ಇಲ್ಲೇ. ಅದು ನಿಜ ಇರಬಹುದು. ಆದರೆ ಅದಕ್ಕೂ ಮುಂಚೆ ನೋಡಬೇಕಾದ ಜಾಗಗಳು ಬೇರೆ ಇವೆ.

ಮೊದಲನೆಯದು, ಪಕ್ಷಾಂತರ ಮಾಡದೇ, ಅಂದರೆ ಪದಗಳನ್ನೆಲ್ಲ ಒಂದೇ ಕಡೆ ತರದೇ, ಸಿ ಓದಿಕೊಂಡಿರುವುದು. ಪ್ರಶ್ನೆಯಲ್ಲಿ ಕ್ಷ² = 5ಕ್ಷ − 8 ಅಂತಿದ್ದರೆ ಶೋಧಕ (ವರ್ಗಮೂಲದ ಒಳಗಿನ ಬಿ² − 4·ಎ·ಸಿ) 25 − 32, ಅಂದರೆ −7. ಅದು ನಿಜವಾದ ಋಣ. ಆದರೆ ಕ್ಷ² − 5ಕ್ಷ = 8 ಅಂತಿದ್ದಾಗ 8 ಅನ್ನು ಹಾಗೆಯೇ ಸಿ ಅಂತ ತೆಗೆದುಕೊಂಡರೂ ಅದೇ −7 ಬರುತ್ತದೆ. ಇಲ್ಲಿ ಸಿ ಅಂದರೆ −8, ಶೋಧಕ 57. ಬಲಗಡೆ ಸೊನ್ನೆ ಮಾತ್ರ ಉಳಿಯುವ ತನಕ ಎ, ಬಿ, ಸಿ ಹೆಸರು ಎತ್ತಬಾರದು.

ಎರಡನೆಯದು ಕ್ಯಾಲ್ಕುಲೇಟರಿನ ಕಿತಾಪತಿ. ಬಿ = −7 ಇದ್ದಾಗ ವೈಜ್ಞಾನಿಕ ಕ್ಯಾಲ್ಕುಲೇಟರಿನಲ್ಲಿ ಆವರಣ ಹಾಕದೆ −7² ಹೊಡೆದರೆ ಸಾಮಾನ್ಯವಾಗಿ −49 ತೋರಿಸುತ್ತದೆ. ಅದು ಮೊದಲು 7 ಅನ್ನು ವರ್ಗ ಮಾಡಿ, ಆಮೇಲೆ ಮೈನಸ್ ಹಚ್ಚುತ್ತದೆ. ಎಕ್ಸೆಲ್‌ನಲ್ಲಿ ಅದನ್ನೇ ಹೊಡೆದರೆ 49 ಬರುತ್ತದೆ! ಯಾವುದು ಹೇಗೆ ಅಂತ ನೆನಪಿಡುವ ಗೋಜು ಬೇಡ, (−7)² ಅಂತ ಆವರಣ ಹಾಕಿಬಿಡಿ. ಬಿ² ಎಂದೂ ಋಣ ಆಗುವುದಿಲ್ಲ.

ಮೂರನೆಯದು ನನಗೆ ಇಷ್ಟವಾದದ್ದು. ಬೀದರಿನ ನೌಬಾದ್ ಕಡೆ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ನೀರಿನ ಸುರಂಗ, ಅದರ ಉದ್ದಕ್ಕೂ ಮೇಲಿಂದ ಕೆಳಕ್ಕೆ ಕೊರೆದ ಬಾವಿಗಳು. ಅಂಥದ್ದೊಂದು ಬಾವಿ ಲೆಕ್ಕಕ್ಕೆ 30 ಮೀಟರ್ ಆಳ ಅಂತ ಇಟ್ಟುಕೊಳ್ಳಿ. ದಂಡೆಯ ಮೇಲೆ ನಿಂತು ಒಂದು ಕಲ್ಲನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ, ಅದು ಬಾವಿಯ ತಳ ಮುಟ್ಟಲು ಎಷ್ಟು ಸೆಕೆಂಡ್ ಬೇಕು? ಗುರುತ್ವದ ವೇಗೋತ್ಕರ್ಷ 10 ಅಂತ ಹಿಡಿದರೆ, ಕಾಲ ಟಿ ಆದಾಗ ಕಲ್ಲಿನ ಎತ್ತರ 5ಟಿ − 5ಟಿ².

ಹೆಚ್ಚಿನವರು ಬರೆಯುವುದು 30 = 5ಟಿ − 5ಟಿ². ಪಕ್ಷಾಂತರ ಮಾಡಿ 5 ರಿಂದ ಭಾಗಿಸಿದರೆ ಟಿ² − ಟಿ + 6 = 0. ಶೋಧಕ 1 − 24 = −23. "ಕಲ್ಲು ತಳಕ್ಕ ಮುಟ್ಟೂದೇ ಇಲ್ಲೇನ್ರಿ ಸರ್?" ಅಂತ ಒಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ಎಸೆದ ಕಲ್ಲು ಬಾವಿಗೆ ಬೀಳದೆ ಎಲ್ಲಿ ಹೋಗುತ್ತದೆ?

ನಾವು ಮೇಲಿನ ದಿಕ್ಕನ್ನು ಪ್ಲಸ್ ಅಂತ ಹಿಡಿದಿದ್ದೇವೆ. ತಳ ಇರುವುದು ಕೆಳಗೆ. ಹಾಗಾಗಿ ಎಡಗಡೆ −30 ಬರಬೇಕು. ಆಗ ಟಿ² − ಟಿ − 6 = 0, ಟಿ = 3 ಅಥವಾ −2. ಮೂರು ಸೆಕೆಂಡ್.

ಆ −23 ಏನು ಹೇಳುತ್ತಿತ್ತು ಗೊತ್ತಾ? ಅದು ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದು "ಕಲ್ಲು ದಂಡೆಯಿಂದ 30 ಮೀಟರ್ ಮೇಲೆ ಯಾವಾಗ ಇರುತ್ತದೆ" ಅಂತ. ಅದು "ಯಾವತ್ತೂ ಇಲ್ಲ" ಅಂದಿತು. 30 ರ ಬದಲು ಎತ್ತರ ಎಚ್ ಅಂತ ಇಟ್ಟು ನೋಡಿ: 5ಟಿ² − 5ಟಿ + ಎಚ್ = 0, ಶೋಧಕ 25 − 20·ಎಚ್. ಇದು ಸೊನ್ನೆಗಿಂತ ಕಡಿಮೆ ಆಗಬಾರದು ಅಂದರೆ ಎಚ್ 1.25 ಮೀಟರ್ ದಾಟಬಾರದು. ಆ ವೇಗದಲ್ಲಿ ಎಸೆದ ಕಲ್ಲು ಏರುವುದೇ ಅಷ್ಟು. ಶೋಧಕ ಋಣ ಬಂದಾಗ ಲೆಕ್ಕ ಮುಚ್ಚಿಡುವ ಬದಲು, ನಾವು ಆಗದ ಕೆಲಸ ಏನು ಕೇಳಿದೆವು ಅಂತ ಒಮ್ಮೆ ನೋಡಬೇಕು.

ಈ ಮೂರೂ ಅಲ್ಲದಿದ್ದರೆ ಮಾತ್ರ ವಾಸ್ತವ ಮೂಲಗಳಿಲ್ಲ. ಋಣ ಸಂಖ್ಯೆ ತಾನಾಗಿ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಬರೆದಿಟ್ಟವನು ಮಹಾವೀರಾಚಾರ್ಯ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಆ ರಾಜನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ದಂಡೆಯ ಆ ಕೋಟೆ ನೋಡಲು ಹೋಗುವ ಮಕ್ಕಳಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ಬೇಜಾರು.

ಲಕ್ಷಣ: ಉತ್ತರ ನಂಬುವಂತಿಲ್ಲ, ತೀರಾ ಸಣ್ಣದು ಅಥವಾ ತೀರಾ ದೊಡ್ಡದು

ಕಲಬುರಗಿ–ಬೀದರ್ ರೈಲು ಮಾರ್ಗ 2017ರಲ್ಲಿ ಶುರುವಾಯಿತು. ದೂರ ಸುಮಾರು 110 ಕಿ.ಮೀ. ಒಂದು ಗಾಡಿ ತನ್ನ ವೇಗವನ್ನು ಗಂಟೆಗೆ 11 ಕಿ.ಮೀ. ಹೆಚ್ಚಿಸಿದರೆ 20 ನಿಮಿಷ ಮೊದಲೇ ಮುಟ್ಟುತ್ತದೆ ಅನ್ನೋಣ. ಮೊದಲಿನ ವೇಗ ಎಷ್ಟು?

110/ಕ್ಷ − 110/(ಕ್ಷ + 11) = 20 ಅಂತ ಬರೆದು, ಅಡ್ಡ ಗುಣಾಕಾರ ಮಾಡಿ, ತಪ್ಪಿಲ್ಲದೆ ಬಿಡಿಸಿದರೆ ವೇಗ ಗಂಟೆಗೆ ಸುಮಾರು 4 ಕಿ.ಮೀ. ಬರುತ್ತದೆ. ಆ ರೈಲಿನ ಜೊತೆ ಮಾತಾಡುತ್ತಾ ನಡೆದುಕೊಂಡು ಹೋಗಬಹುದು! ಬೀಜಗಣಿತದಲ್ಲಿ ಒಂದೂ ತಪ್ಪಿಲ್ಲ, ಮೊತ್ತ, ಗುಣಲಬ್ಧ ಎರಡೂ ತಾಳೆಯಾಗುತ್ತವೆ. ತಪ್ಪು ಇರುವುದು ಆ 20 ರಲ್ಲಿ. ವೇಗ ಗಂಟೆಯ ಲೆಕ್ಕದಲ್ಲಿದೆ, ಕಾಲ ನಿಮಿಷದಲ್ಲಿದೆ. 20 ನಿಮಿಷ ಅಂದರೆ 1/3 ಗಂಟೆ. ಆಗ:

110 × 11 × 3 = ಕ್ಷ(ಕ್ಷ + 11)
ಕ್ಷ² + 11ಕ್ಷ − 3630 = 0

ಶೋಧಕ 121 + 14520 = 14641. ಇದು 121 ರ ವರ್ಗ. ಕ್ಷ = (−11 + 121) ÷ 2 = 55. ಗಂಟೆಗೆ 55 ಕಿ.ಮೀ. ಆದರೆ 2 ಗಂಟೆ, 66 ಆದರೆ 1 ಗಂಟೆ 40 ನಿಮಿಷ. 20 ನಿಮಿಷದ ವ್ಯತ್ಯಾಸ ಸರಿಹೋಯಿತು.

ಇನ್ನೊಂದು ಸುಳಿವು: ಶಾಲೆಯ ಲೆಕ್ಕಗಳಲ್ಲಿ ಶೋಧಕ ಸಾಮಾನ್ಯವಾಗಿ ಪೂರ್ಣವರ್ಗ ಆಗುವಂತೆ ಅಂಕಿ ಜೋಡಿಸಿರುತ್ತಾರೆ. ತಪ್ಪು ದಾರಿಯಲ್ಲಿ ಬಂದ ಶೋಧಕ 363. ಅದರ ವರ್ಗಮೂಲ 19.05 ಚಿಲ್ಲರೆ. ಪಠ್ಯದ ಕಥೆಲೆಕ್ಕದಲ್ಲಿ ಇಂಥ ಚಿಲ್ಲರೆ ಬಂತು ಅಂದರೆ ಮುಂದೆ ಹೋಗುವ ಮೊದಲು ಒಂದು ಸಲ ಹಿಂದೆ ತಿರುಗಿ ನೋಡಿ. ಇದು ನಿಯಮ ಅಲ್ಲ, ಅನುಮಾನ ಅಷ್ಟೇ. ಹೊಲ ಅಳೆಯುವಾಗ, ಕಟ್ಟಡದ ಕೆಲಸದಲ್ಲಿ ಬರುವ ನಿಜವಾದ ಲೆಕ್ಕಗಳು ಚಿಲ್ಲರೆಯಲ್ಲೇ ಬರುತ್ತವೆ.

ಲಕ್ಷಣ: ಮೊತ್ತ ಪಟ್ಟು ಹೆಚ್ಚಾಗಿದೆ

2ಕ್ಷ² − 7ಕ್ಷ + 3 = 0. ಸರಿ ಉತ್ತರ 3 ಮತ್ತು 1/2. ಮೊತ್ತ 3.5.

ನಿಮಗೆ 6 ಮತ್ತು 1 ಬಂದಿದ್ದರೆ ಎರಡೂ ಉತ್ತರ ಸರಿಯಾಗಿ ಎ ಪಟ್ಟು, ಅಂದರೆ 2 ಪಟ್ಟು ಇವೆ. 2ಎ ರಿಂದ ಭಾಗಿಸುವ ಬದಲು ಬರೀ 2 ರಿಂದ ಭಾಗಿಸಿದ್ದೀರಿ. 8.25 ಮತ್ತು 5.75 ಬಂದಿದ್ದರೆ ಭಾಗಾಕಾರದ ಗೆರೆ ಗಿಡ್ಡವಾಗಿದೆ. −ಬಿ ಹೊರಗೆ ಉಳಿದು, ವರ್ಗಮೂಲದ ಕೆಳಗೆ ಮಾತ್ರ 2ಎ ಬಿದ್ದಿದೆ. ಆಗ ಮೊತ್ತ 14, ಅಂದರೆ ಬರಬೇಕಾದ್ದಕ್ಕಿಂತ 2ಎ ಪಟ್ಟು.

ಗೆರೆ ಯಾಕೆ ಪೂರ್ತಿ ಎಳೆಯಬೇಕು ಅಂತ ಒಮ್ಮೆ ಕಂಡರೆ ಈ ತಪ್ಪು ಮತ್ತೆ ಆಗುವುದಿಲ್ಲ. ಎ·ಕ್ಷ² + ಬಿ·ಕ್ಷ = −ಸಿ ಎಂದು ಬರೆದು, ಎರಡೂ ಕಡೆ 4ಎ ರಿಂದ ಗುಣಿಸಿ, ಎರಡೂ ಕಡೆ ಬಿ² ಕೂಡಿಸಿ. ಎಡಗಡೆ ತಾನಾಗಿ ಪೂರ್ಣವರ್ಗ ಆಗುತ್ತದೆ:

(2ಎ·ಕ್ಷ + ಬಿ)² = ಬಿ² − 4·ಎ·ಸಿ

ವರ್ಗಮೂಲ ತೆಗೆದರೆ 2ಎ·ಕ್ಷ + ಬಿ = ±√(ಬಿ² − 4·ಎ·ಸಿ). ಮೊದಲು ಬಿ ಆ ಕಡೆ ಹೋಗುತ್ತದೆ, ಆಮೇಲೆ ಇಡೀ ಬಲಭಾಗವನ್ನು 2ಎ ರಿಂದ ಭಾಗಿಸುತ್ತೇವೆ. ಬಿ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಈ ಉಪಾಯ ಶ್ರೀಧರಾಚಾರ್ಯನದು. ಅವನ ಬೀಜಗಣಿತದ ಕೃತಿ ಈಗ ಸಿಗುವುದಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯ ಅವನ ಹೆಸರು ಹೇಳಿ ಈ ನಿಯಮವನ್ನು ಎತ್ತಿಕೊಂಡಿದ್ದರಿಂದ ಇದು ಉಳಿಯಿತು. ಪಠ್ಯದಲ್ಲಿ ಮೊದಲು ಎ ರಿಂದ ಭಾಗಿಸಿ ವರ್ಗ ಪೂರ್ಣಗೊಳಿಸುತ್ತಾರೆ. ಅದರಲ್ಲಿ ಭಿನ್ನರಾಶಿಯ ಮೇಲೆ ಭಿನ್ನರಾಶಿ ಬಂದು ಮಕ್ಕಳು ಹೈರಾಣಾಗುತ್ತಾರೆ. ನನ್ನ ಕೇಳಿದರೆ ಶ್ರೀಧರನ ದಾರಿಯೇ ಸಲೀಸು.

ಲಕ್ಷಣ: ಒಂದೇ ಉತ್ತರ ಸಿಕ್ಕಿತು

3ಕ್ಷ² = 12ಕ್ಷ. ಎರಡೂ ಕಡೆ ಕ್ಷ ಹೊಡೆದುಹಾಕಿ ಕ್ಷ = 4 ಅಂದುಬಿಟ್ಟರೆ 0 ಅನ್ನುವ ಉತ್ತರ ಕಳೆದುಹೋಯಿತು. ಕ್ಷ ಸೊನ್ನೆ ಇರಬಹುದಾದಾಗ ಅದರಿಂದ ಭಾಗಿಸುವ ಹಾಗಿಲ್ಲ. ಎಲ್ಲವನ್ನೂ ಒಂದೇ ಕಡೆ ತನ್ನಿ, 3ಕ್ಷ(ಕ್ಷ − 4) = 0 ಅಂತ ಮಾಡಿ. ಕ್ಷ² = 49 ಬಂದಾಗ 7 ಮಾತ್ರ ಬರೆದು −7 ಬಿಡುವುದೂ ಇದೇ ಜಾತಿಯ ತಪ್ಪು.

ಲಕ್ಷಣ: ಒಂದು ಸರಿ, ಇನ್ನೊಂದು ತಪ್ಪು

ಇದು ಮೋಸದ ತಪ್ಪು. (ಕ್ಷ − 3)(ಕ್ಷ − 4) = 2 ಕೊಟ್ಟಿದ್ದಾರೆ. ಹುಡುಗ ಕ್ಷ − 3 = 2, ಕ್ಷ − 4 = 2 ಅಂತ ಬರೆದು 5 ಮತ್ತು 6 ಅಂದ. 5 ಹಾಕಿ ನೋಡಿದ: 2 × 1 = 2. ಸರಿ ಬಂತು ಅಂತ ಮುಂದಿನ ಲೆಕ್ಕಕ್ಕೆ ಹೋದ. 6 ಹಾಕಿ ನೋಡಲೇ ಇಲ್ಲ. ಹಾಕಿದ್ದರೆ 3 × 2 = 6 ಬರುತ್ತಿತ್ತು.

ಎರಡು ಸಂಖ್ಯೆ ಗುಣಿಸಿದಾಗ ಸೊನ್ನೆ ಬಂದರೆ ಮಾತ್ರ ಎರಡರಲ್ಲಿ ಒಂದು ಸೊನ್ನೆ ಅಂತ ಖಾತ್ರಿಯಾಗಿ ಹೇಳಬಹುದು. 2 ಬರಲು ಲೆಕ್ಕವಿಲ್ಲದಷ್ಟು ದಾರಿಗಳಿವೆ. ಆವರಣ ಬಿಡಿಸಿ, 2 ಅನ್ನು ಈ ಕಡೆ ತಂದರೆ ಕ್ಷ² − 7ಕ್ಷ + 10 = 0. ಉತ್ತರ 2 ಮತ್ತು 5. ತಾಳೆ ನೋಡುವಾಗ ಎರಡೂ ಉತ್ತರ ಹಾಕಿ ನೋಡಿ.

ಲಕ್ಷಣ: ಸಮೀಕರಣಕ್ಕೆ ಎರಡೂ ಕೂರುತ್ತವೆ, ಯಾವುದನ್ನು ಬಿಡುವುದು?

ಋಣ ಉತ್ತರವನ್ನು ಬಿಡಬೇಕು ಅಂತ ಮಕ್ಕಳಿಗೆ ಹೇಗೋ ಅಭ್ಯಾಸ ಆಗಿರುತ್ತದೆ. ಎರಡೂ ಧನ ಬಂದಾಗ ಕೈ ನಿಲ್ಲುತ್ತದೆ.

20 ಅಡಿ ಉದ್ದ, 14 ಅಡಿ ಅಗಲದ ಅಂಗಳ. ನಾಲ್ಕೂ ಅಂಚಿಗೆ ಒಂದೇ ಅಗಲದ ಪಟ್ಟಿಯಲ್ಲಿ ಶಹಾಬಾದ್ ಕಲ್ಲು ಹಾಸಬೇಕು. ನಡುವೆ ಗಿಡಕ್ಕೆ 160 ಚದರ ಅಡಿ ಮಣ್ಣು ಉಳಿಯಬೇಕು. ಪಟ್ಟಿಯ ಅಗಲ ಎಷ್ಟು?

(20 − 2ಕ್ಷ)(14 − 2ಕ್ಷ) = 160 ಬಿಡಿಸಿದರೆ ಕ್ಷ² − 17ಕ್ಷ + 30 = 0. ಉತ್ತರ 2 ಮತ್ತು 15. ಅಂಗಳದ ಅಗಲವೇ 14 ಅಡಿ, 15 ಅಡಿ ಪಟ್ಟಿ ಎಲ್ಲಿ ಹಾಸುವುದು? ಆದರೂ 15 ಸಮೀಕರಣಕ್ಕೆ ಕೂರುತ್ತದೆ. ಯಾಕೆ ಅಂದರೆ ಆಗ ನಡುವಿನ ಉದ್ದ −10, ಅಗಲ −16. ಎರಡು ಋಣ ಗುಣಿಸಿ +160. ಸಮೀಕರಣಕ್ಕೆ ಗುಣಲಬ್ಧ ಮಾತ್ರ ಗೊತ್ತು, ಅಂಗಳ ಗೊತ್ತಿಲ್ಲ. ಹಾಗಾಗಿ ಲೆಕ್ಕ ಶುರು ಮಾಡುವಾಗಲೇ ಪಕ್ಕದಲ್ಲಿ "ಕ್ಷ 0 ರಿಂದ 7 ರ ಒಳಗೆ" ಅಂತ ಬರೆದುಕೊಂಡರೆ ಕೊನೆಯಲ್ಲಿ ಯೋಚನೆ ಮಾಡುವ ಕೆಲಸ ಇರುವುದಿಲ್ಲ.

ಲಕ್ಷಣ: ಮೂಲ ಸಮೀಕರಣಕ್ಕೆ ಕೂರದ ಉತ್ತರ ಎಲ್ಲಿಂದಲೋ ಬಂತು

ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೇ ಇದಕ್ಕೆ ಒಳ್ಳೆಯ ಲೆಕ್ಕ ಇದೆ. ಒಂಟೆಗಳ ಹಿಂಡಿನಲ್ಲಿ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಉಳಿದ 15 ಒಂಟೆ ನದಿಯ ದಂಡೆಯಲ್ಲಿವೆ. ಒಟ್ಟು ಎಷ್ಟು?

ಕ್ಷ/4 + 2√ಕ್ಷ + 15 = ಕ್ಷ

√ಕ್ಷ ಒಂದನ್ನೇ ಒಂದು ಕಡೆ ಬಿಟ್ಟು ಎರಡೂ ಕಡೆ ವರ್ಗ ಮಾಡಿದರೆ ಉತ್ತರ ಎರಡು ಬರುತ್ತವೆ: 36 ಮತ್ತು 100/9. ಹನ್ನೊಂದು ಚಿಲ್ಲರೆ ಒಂಟೆ ಅಂತ ನಕ್ಕು ಬಿಡಬಹುದು. ಆದರೆ ಕಾರಣ ಅದಲ್ಲ. ಒಂಟೆ ಬದಲು ಎಣ್ಣೆಯ ಲೀಟರ್ ಇದ್ದಿದ್ದರೆ 100/9 ಕೇಳಲು ಚೆನ್ನಾಗೇ ಇರುತ್ತಿತ್ತು. ಮೂಲ ಸಮೀಕರಣಕ್ಕೆ ಹಾಕಿ ನೋಡಿ: 3ಕ್ಷ/4 − 15 ಅಂದರೆ −20/3, 2√ಕ್ಷ ಅಂದರೆ +20/3. ಚಿಹ್ನೆ ಬೇರೆ, ಅಂಕಿ ಒಂದೇ. ವರ್ಗ ಮಾಡಿದ ಕೂಡಲೇ ಆ ವ್ಯತ್ಯಾಸ ಅಳಿಸಿಹೋಗುತ್ತದೆ, ಇಲ್ಲದ ಉತ್ತರ ಒಳಗೆ ನುಗ್ಗುತ್ತದೆ.

ವರ್ಗ ಮಾಡದೇ √ಕ್ಷ = ಯ ಅಂತ ಇಟ್ಟುಕೊಂಡರೆ 3ಯ² − 8ಯ − 60 = 0. ಯ = 6 ಅಥವಾ −10/3. ವರ್ಗಮೂಲದ ಗುರುತು ಋಣ ಸಂಖ್ಯೆ ಕೊಡುವುದಿಲ್ಲ, ಹಾಗಾಗಿ −10/3 ಅಲ್ಲೇ ಬಿತ್ತು. ಕ್ಷ = 36. ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಂಡೆಯಲ್ಲಿ 15.

ಲಕ್ಷಣ: ಉತ್ತರದ ಒಳಗೇ ಅವ್ಯಕ್ತ (ನಾವು ಹುಡುಕುತ್ತಿರುವ ಅಕ್ಷರ) ಇಣುಕುತ್ತಿದೆ

ಪಿಯು ಮಕ್ಕಳ ದೊಡ್ಡ ತೊಡಕು ಇದು. ಅಂಕಿಗಳಿದ್ದಾಗ ಸಲೀಸಾಗಿ ಬಿಡಿಸುವವರು, ಅಕ್ಷರಗಳೇ ತುಂಬಿದ ಸೂತ್ರ ಕಂಡರೆ ದಾರಿ ತಪ್ಪುತ್ತಾರೆ. ಮುಚ್ಚಳ ಇರುವ ದುಂಡನೆಯ ಎಣ್ಣೆ ಡಬ್ಬಿ. ಒಟ್ಟು ತಗಡು ಡಿ, ಎತ್ತರ ಎಚ್, ತ್ರಿಜ್ಯ ಆರ್. ಡಿ = 2π·ಆರ್² + 2π·ಆರ್·ಎಚ್. ಆರ್ ಎಷ್ಟು?

ನೋಟ್‌ಬುಕ್ಕಿನಲ್ಲಿ ಸಿಗುವುದು: ಆರ್ = (ಡಿ − 2π·ಆರ್²) ÷ 2π·ಎಚ್. ಒಂದೊಂದು ಹೆಜ್ಜೆಯೂ ಸರಿ. ಆದರೆ ಆರ್ ಗೊತ್ತಿಲ್ಲದೆ ಆರ್ ಸಿಗುವುದಿಲ್ಲ! ಅವ್ಯಕ್ತ ಎರಡು ಪದಗಳಲ್ಲಿ, ಒಂದು ಕಡೆ ವರ್ಗವಾಗಿ ಇನ್ನೊಂದು ಕಡೆ ಸಾದಾ ಇದ್ದರೆ, ಒಂದನ್ನೇ ಹೊರಗೆಳೆಯಲು ಹೋಗಬೇಡಿ. ಯಾವ ಅಕ್ಷರ ಬೇಕೋ ಅದಕ್ಕೊಂದು ಸುತ್ತು ಹಾಕಿ. ಉಳಿದ ಅಕ್ಷರಗಳನ್ನೆಲ್ಲ ಗೊತ್ತಿರುವ ಅಂಕಿ ಅಂದುಕೊಳ್ಳಿ. ಆರ್² ಮುಂದೆ ಇರುವುದು ಎ, ಆರ್ ಮುಂದೆ ಇರುವುದು ಬಿ, ಆರ್ ಇಲ್ಲದ್ದು ಸಿ. 2π ರಿಂದ ಭಾಗಿಸಿದರೆ:

ಆರ್² + ಎಚ್·ಆರ್ − ಡಿ/2π = 0
ಆರ್ = [−ಎಚ್ + √(ಎಚ್² + 2ಡಿ/π)] ÷ 2

ತಗಡು 1188 ಚದರ ಸೆಂ.ಮೀ., ಎತ್ತರ 20 ಸೆಂ.ಮೀ. ಇದ್ದರೆ, π ಅನ್ನು 22/7 ಅಂತ ಹಿಡಿದು, ಆರ್² + 20ಆರ್ − 189 = 0. ಆರ್ = 7. ಇನ್ನೊಂದು −27, ಡಬ್ಬಿಗೆ ಬೇಕಿಲ್ಲ.

ಲಕ್ಷಣ: ದೊಡ್ಡ ಉತ್ತರ ಸರಿ, ಸಣ್ಣದು ಮಾತ್ರ ಎರಡು ಪಟ್ಟು

ಇದು ಅಪರೂಪ, ಆದರೆ ಸಿಕ್ಕಾಗ ತಲೆ ಕೆಡಿಸುತ್ತದೆ. ಕ್ಷ² − 40ಕ್ಷ + 1 = 0. √1596 ಅನ್ನು ಒಂದು ದಶಮಾಂಶಕ್ಕೆ 39.9 ಅಂತ ಇಟ್ಟುಕೊಂಡರೆ ಉತ್ತರಗಳು 39.95 ಮತ್ತು 0.05. ನಿಜವಾದ ಸಣ್ಣ ಉತ್ತರ ಸುಮಾರು 0.025. ಸೂತ್ರ, ಚಿಹ್ನೆ, ಭಾಗಾಕಾರ ಎಲ್ಲ ಸರಿ. 40 ರಲ್ಲಿ 39.9 ಕಳೆಯುವಾಗ ದೊಡ್ಡ ಅಂಕಿಗಳೆಲ್ಲ ಹೋಗಿ, ನಾವು ಬಿಟ್ಟ ಚಿಲ್ಲರೆಯೇ ಉಳಿದವುಗಳಲ್ಲಿ ದೊಡ್ಡ ಪಾಲಾಯಿತು. ಕಳೆಯುವ ಗೋಜೇ ಬೇಡ. ದೊಡ್ಡ ಉತ್ತರವನ್ನು ಮೊದಲು ತೆಗೆಯಿರಿ. ಗುಣಲಬ್ಧ 1 ಆಗಬೇಕಲ್ಲ, ಆ 1 ಅನ್ನು 39.95 ರಿಂದ ಭಾಗಿಸಿ. 0.02503 ಬರುತ್ತದೆ.